ಸೀಸೆಯಲ್ಲ, ಸೀಸ

ಗುರುವಾರ, ಹನ್ನೆರಡನೇ ತಾರೀಖು.

ಎದೆಹಾಲಿನಲ್ಲೂ ವಿಷ ಸೇರಿರುತ್ತದೆ ಎಂದು ಫೋನಿನಲ್ಲಿ ಓದಿದಾಗಿನಿಂದ ಸೊಸೆಗೆ ಕೂಸಿಗೆ ಹಾಲು ಕೊಡಲು ಭಯ. ಡಬ್ಬಿಯ ಪುಡಿಯೇ ವಾಸಿಯಂತೆ. ಇವತ್ತು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

"ಮನೇಲಿ ಸೀಸ ಏನಾದ್ರೂ ಇದೆಯಾ ಅಜ್ಜಿ?" ಎಂದಳು ನರ್ಸಮ್ಮ.

"ಸೀಸೆ ಯಾಕಮ್ಮ, ನಮ್ಮ ಕೂಸು ಕುಡಿಯೋದು ತಾಯಿ ಹಾಲು."

"ಸೀಸೆ ಅಲ್ಲ ಅಜ್ಜಿ, ಸೀಸ. ಬ್ಯಾಟರಿ ಒಳಗಿರುತ್ತಲ್ಲ, ಆ ವಿಷ."

ನನ್ನ ಮಗ ಹಳೇ ಬ್ಯಾಟರಿ ಒಡೆಯುವವನು. ಅದೇ ಧೂಳಿನ ಅಂಗಿಯಲ್ಲಿ ಬಂದು ಕೂಸನ್ನು ಎತ್ತಿಕೊಳ್ಳುತ್ತಾನೆ. ಆ ಅಂಗಿಯನ್ನು ಕೊಡವಿ ಒಗೆಯುವವಳು ಸೊಸೆ.

ಇದೆಲ್ಲ ಹೇಳಿದ ಮೇಲೆ ತಾಯಿ, ಮಗು ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದುಕೊಂಡರು. ಹಾಲು ನಿಲ್ಲಿಸಬೇಡಿ, ಅದರ ಸತ್ವವೆಲ್ಲ ಪುಡಿಯಲ್ಲಿ ಸಿಗದು, ಮೊದಲು ಆ ಧೂಳು ನಿಲ್ಲಿಸಿ ಎಂದಳು ನರ್ಸಮ್ಮ.

ಸಂಜೆ ಮಗ ಬಂದಾಗ ಬಾಗಿಲಿಗೆ ಅಡ್ಡ ನಿಂತೆ.

"ಅಂಗಿ ಹೊರಗೇ ಬಿಚ್ಚು. ಸ್ನಾನ ಮಾಡು. ಆಮೇಲೆ ಅಪ್ಪ ಆಗು."

"ಬೀದಿಯವರು ನೋಡ್ತಾರಮ್ಮ."

"ನೋಡ್ಲಿ ಬಿಡು. ನೋಡೋಕೆ ಅಂಥಾ ಚೆಂದ ಏನಿದೆ ನಿಂದು? ಒಂದು ದಿನ ನೋಡಿ ಸುಮ್ಮನಾಗ್ತಾರೆ."

ಒಳಗೆ ಸೊಸೆ ನಕ್ಕಳು. ಎಷ್ಟು ದಿನವಾಗಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ ಕೂಸಿಗೆ ಹಾಲು ಕೊಟ್ಟಳು.

ರಕ್ತದ ವರದಿ ಸೋಮವಾರ. ಅದು ಏನೇ ಹೇಳಲಿ, ನಾಳೆಯಿಂದ ಅವನ ಬಟ್ಟೆಗೆ ಬೇರೆ ಬಕೆಟ್ಟು, ಒಗೆಯುವವನೂ ಅವನೇ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ನಾನಂತೂ ಬಾಗಿಲು ಬಿಟ್ಟು ಕದಲುವವಳಲ್ಲ.