ಶಾಂತಿ ಕೊಠಡಿಯೊಳಗೆ ಮೈಕು

ಬಸ್ ನಿಲ್ದಾಣದ ಮಾನ್ಯ ಅಧಿಕಾರಿಗಳೇ,

ನಿಮ್ಮ ನಿಲ್ದಾಣದ ಶಾಂತಿ ಕೊಠಡಿಯಲ್ಲಿ ಮೈಕು ಇಟ್ಟಿದ್ದೀರಿ. ಅದನ್ನು ತೆಗೆಸಿ. ಪತ್ರದ ಸಾರಾಂಶ ಇಷ್ಟೇ. ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಇದ್ದರೆ ಮುಂದೆ ಓದಿ, ಏಕೆಂದರೆ ಮೂರು ಗುರುವಾರಗಳಿಂದ ನನ್ನ ಹೊಟ್ಟೆ ಉರಿಯುತ್ತಿದೆ.

ಗದ್ದಲ ತಾಳಲಾರದ ಮಕ್ಕಳು, ವಯಸ್ಸಾದವರು ತುಸು ಹೊತ್ತು ನೆಮ್ಮದಿಯಾಗಿ ಕೂರಲೆಂದು ಕಳೆದ ವರ್ಷ ನೀವು ಆ ಕೊಠಡಿ ತೆರೆದಾಗ ಮನಸಾರೆ ಹರಸಿದವಳು ನಾನು. ತಿಳಿನೀಲಿ ಗೋಡೆ, ದಪ್ಪ ಪರದೆ, ಮೆತ್ತನೆಯ ಚಾಪೆ. ಉದ್ಘಾಟನೆಗೆ ಬ್ಯಾಂಡ್ ಸೆಟ್ ತರಿಸಿ, ಮೌನದ ಮಹತ್ವ ಕುರಿತು ನಾಲ್ವರು ಗಣ್ಯರು ಒಂದೂವರೆ ಗಂಟೆ ಭಾಷಣ ಬಿಗಿದದ್ದನ್ನೂ ಕ್ಷಮಿಸಿದೆ.

ನನ್ನ ಮಗಳು ಎಲೈನ್‌ಗೆ ಏಳು ವರ್ಷ. ಮಾತು ಬಂದಿಲ್ಲ. ಸದ್ದು ಜಾಸ್ತಿಯಾದರೆ ಅವಳಿಗೆ ಅದು ಕಿರಿಕಿರಿಯಲ್ಲ, ನೋವು. ಪ್ರತಿ ಗುರುವಾರ ಹಾಸನದಲ್ಲಿ ಮಾತಿನ ತರಬೇತಿ. ವನಗೂರಿನಿಂದ ಜೀಪಿನಲ್ಲಿ ಗುಡ್ಡ ಇಳಿದು ನಿಮ್ಮ ನಿಲ್ದಾಣಕ್ಕೆ ಬಂದು ಹಾಸನದ ಬಸ್ಸಿಗೆ ಮುಕ್ಕಾಲು ಗಂಟೆ ಕಾಯಬೇಕು. ಎಂಟು ತಿಂಗಳು ಆ ಮುಕ್ಕಾಲು ಗಂಟೆಯನ್ನು ಅವಳು ನಿಮ್ಮ ಚಾಪೆಯ ಮೇಲೆ ಮಲಗಿ, ಪರದೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಖವಾಗಿ ಕಳೆದಳು. ದೇವರಾಣೆ, ಸರ್ಕಾರವನ್ನು ನಾನು ಹೊಗಳಿದ್ದು ಆ ಎಂಟು ತಿಂಗಳು ಮಾತ್ರ.

ಆಮೇಲೊಂದು ಗುರುವಾರ ಬಾಗಿಲು ತೆಗೆದರೆ ಒಳಗೆ ಮೇಜು, ಮೇಜಿನ ಮೇಲೆ ಮೈಕು, ಗೋಡೆಗೆ ಸ್ಪೀಕರ್, ಬಸ್ಸುಗಳ ಹೊತ್ತು ಕೂಗುವ ಜವರಪ್ಪನವರು! ಇದೇನು ಎಂದು ಕೇಳಿದೆ.

"ಹೊರ್ಗಡೆ ಸಿಕ್ಕಾಪಟ್ಟೆ ಗಲಾಟೆ ಐತೆ ಕಣಮ್ಮ. ಮೈಕಲ್ಲಿ ಬರೀ ಹಾರ್ನೇ ಕೇಳ್ತಿತ್ತು. ಇಡೀ ಸ್ಟ್ಯಾಂಡಲ್ಲಿ ಸದ್ದಿಲ್ದೆ ಇರೋದು ಇದೊಂದೇ ರೂಮು ಅಂತ ಸಾಹೇಬ್ರು ನನ್ನ ಇಲ್ಲಿಗೆ ಹಾಕ್ಬುಟ್ರು. ನಾನೇನ್ ಮಾಡ್ಲಿ ಹೇಳಿ?"

ಅಬ್ಬಾ, ಎಂಥ ಬುದ್ಧಿ ಸ್ವಾಮಿ ನಿಮ್ಮದು! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಗರ್ಜಿಗೆ ಹೋಗುವ ಕ್ರೈಸ್ತರಾದ ನಮಗೂ ಅರ್ಥವಾಯಿತು. ಬಾಗಿಲ ಮೇಲೆ 'ದಯವಿಟ್ಟು ಮೌನವಾಗಿರಿ' ಎಂಬ ಫಲಕ ಇನ್ನೂ ಇದೆ. ಅದು ಮೈಕಿಗೋ, ಮಾತೇ ಬಾರದ ನನ್ನ ಮಗಳಿಗೋ?

ಮೊದಲ ಗುರುವಾರ ಅವಳು ಕಿವಿ ಮುಚ್ಚಿ ಕಿರುಚಿದಳು; ವಾಪಸು ಹೋದೆವು. ಎರಡನೆಯ ಗುರುವಾರ ಗೋಡೆಗೆ ತಲೆ ಚಚ್ಚಿಕೊಂಡಳು. ಕಳೆದ ಗುರುವಾರ ಕೈ ಕೊಸರಿಕೊಂಡು ಓಡಿದವಳು ರಿವರ್ಸ್ ಬರುತ್ತಿದ್ದ ಬಸ್ಸಿನಡಿಗೆ ಸಿಗುವುದು ಒಂದು ಮೊಳದಲ್ಲಿ ತಪ್ಪಿತು. ಮೈಕು ಬಿಟ್ಟು ಓಡಿ ಬಂದು ಅವಳನ್ನು ಎಳೆದುಕೊಂಡವರು ಜವರಪ್ಪನವರೇ. ಅಂದು ಸಂಜೆ, ಮಾತಿನ ತರಬೇತಿ ಕೊಡುವ ಮಂಜುಶ್ರೀ ಮೇಡಂ ಫೋನ್ ಮಾಡಿದರು: "ಮೂರು ವಾರ ಆಯ್ತು, ಇನ್ನೊಂದು ವಾರ ತಪ್ಪಿದ್ರೆ ಈ ಜಾಗ ಬೇರೆ ಮಗುವಿಗೆ ಕೊಡ್ಲೇಬೇಕಾಗುತ್ತೆ ಜೋವಿಟಾ, ಕಾಯೋರು ತುಂಬಾ ಜನ ಇದ್ದಾರೆ."

ನಿಮ್ಮ ಕಚೇರಿಗೆ ಬಂದರೆ ಸಿಕ್ಕ ಉತ್ತರ, 'ಪ್ರಯಾಣಿಕರ ಹಿತದೃಷ್ಟಿಯಿಂದ'. ನನ್ನ ಮಗಳೇನು ನಿಲ್ದಾಣಕ್ಕೆ ಗಾಳಿ ಸೇವನೆಗೆ ಬರುತ್ತಾಳೆಯೇ? ಸುಮ್ಮನಿರುವುದು ನಮ್ಮ ಸೀಮೆಗೆ ಹೊಸ ವಿದ್ಯೆಯೂ ಅಲ್ಲ. ರಸ್ತೆಗೆ ಆನೆ ಇಳಿದರೆ ಜೀಪು, ಬಸ್ಸು ಎಲ್ಲ ಇಂಜಿನ್ ಆರಿಸಿ ಅರ್ಧ ಗಂಟೆ ನಿಲ್ಲುತ್ತವೆ. ಹಾರ್ನ್ ಒತ್ತಿದವನಿಗೆ ಎಲ್ಲರೂ ಸೇರಿ ಉಗಿಯುತ್ತಾರೆ. ಆನೆಗಿರುವ ಮರ್ಯಾದೆ ಮಗುವಿಗೆ ಏಕಿಲ್ಲ? ಅವಳಿಗೆ ತುಳಿಯಲು ಬರುವುದಿಲ್ಲವೆಂದೇ?

ಬರುವ ಗುರುವಾರ ಬೆಳಿಗ್ಗೆ ಎಂಟೂವರೆಯೊಳಗೆ ಆ ಮೈಕು ನಿಮ್ಮ ಕಚೇರಿಗೆ ಹೋಗಬೇಕು. ಅಲ್ಲಿ ಗಾಜಿನ ಬಾಗಿಲಿದೆ. ಹೊರಗಿನ ಕೂಗು ಒಳಗೆ ಕೇಳಿಸುವುದಿಲ್ಲವೆಂದು ನಾನೇ ಪ್ರಮಾಣಪತ್ರ ಕೊಡುತ್ತೇನೆ.

ಕಳೆದ ಗುರುವಾರದ ಒಂದು ಸಂಗತಿ ಹೇಳದೇ ಉಳಿದಿದೆ. ಕೈ ಕೊಸರಿಕೊಳ್ಳುವ ಮುಂಚೆ ಎಲೈನ್ ನನ್ನ ಮುಖ ನೋಡಿ 'ಸಾಕು' ಅಂದಳು. ಹುಟ್ಟಿದ ಮೇಲೆ ಅವಳಾಡಿದ ಮೊದಲ ಮಾತು. ನಿಮ್ಮ ಸ್ಪೀಕರ್ ಕೂಗುತ್ತಿತ್ತು. ನನಗೆ ಅವಳ ಮಾತು ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡೆ.

ಇಂತಿ,
ಮಗಳ ದನಿ ಹೇಗಿದೆಯೆಂದು ಇನ್ನೂ ತಿಳಿಯದ ತಾಯಿ,
ಜೋವಿಟಾ, ವನಗೂರು