ಎಂಟರ್ ಒತ್ತುವ ಮುಂಚಿನ ಹೂಂ

ಮಾರ್ಚ್ 4, ಮಂಗಳವಾರ

ಮೂರನೇ ಪೆನ್‌ಡ್ರೈವ್‌ಗೂ ಬೂಟ್ ಆಗಲಿಲ್ಲ. ಕಿಟಕಿ ಪಕ್ಕದ ಹಳೇ ಮೆಷಿನ್ ಪೆನ್‌ಡ್ರೈವ್ ಕಂಡರೆ ಮುಖ ತಿರುಗಿಸುತ್ತದೆ. ಡಿವಿಡಿ ಕೊಟ್ಟರೇ ಬಾಯಿ ತೆರೆಯುವುದು. ಕೊಟ್ಟೆ. ಗುರುಗುಟ್ಟಿಕೊಂಡು ಎದ್ದಿತು.

ಲೈಬ್ರರಿಯ ಇಪ್ಪತ್ತನಾಲ್ಕು ಮೆಷಿನ್‌ಗೂ ಹೊಸ ಲಿನಕ್ಸ್ ಹಾಕಬೇಕು, ತಿಂಗಳ ಕೊನೆಯೊಳಗೆ. ಹನ್ನೊಂದು ವರ್ಷದಿಂದ ಇದು ನನ್ನೊಬ್ಬಳ ಕೆಲಸ. ಯಾವುದಕ್ಕೆ ಯಾವ ಡಿಸ್ಕ್, ಯಾವುದಕ್ಕೆ ಎಫ್ ಹನ್ನೆರಡು, ಯಾವುದಕ್ಕೆ ಎಸ್ಕೇಪ್... ಕೊಟ್ಟಿಗೆಯ ದನಗಳ ಹಾಗೆ, ಒಂದೊಂದರದು ಒಂದೊಂದು ಚಾಳಿ.

ತಂಗಿ ಕೆಲಸಕ್ಕೆ ಸೇರಿ ಮೂರು ವಾರ. ಆರು ತಿಂಗಳ ತಾತ್ಕಾಲಿಕ. ಸಾಹೇಬರಿಗೆ ಹೇಳಿ ಸೇರಿಸಿದ್ದು ನಾನೇ. ನನ್ನ ಕೈಯಾರೆ.

ಮಾರ್ಚ್ 6

ಅವಳು ಪೆನ್‌ಡ್ರೈವ್ ಮಾಡಿದ್ದಾಳೆ. ಒಂದೇ ಒಂದು. ಹಳೆಯದಕ್ಕೂ ಹೊಸದಕ್ಕೂ ಅದೇ. ಕಿಟಕಿ ಪಕ್ಕದ ಮೊಂಡನೂ ಎದ್ದು ಕೂತ. ಅದು ಶುರುವಾಗುವಾಗ ತೆರೆಯುವ ಬಯಾಸ್‌ನಲ್ಲಿ ಮೂರನೇ ಪುಟದ ಕೆಳಗೆ ಏನೋ ಒಂದು ಸೆಟ್ಟಿಂಗ್ ಇತ್ತಂತೆ. ಹನ್ನೊಂದು ವರ್ಷ ನಾನು ಎರಡನೇ ಪುಟದಿಂದಲೇ ವಾಪಸ್ ಬಂದಿದ್ದೇನೆ.

ಸಾಹೇಬರು ಬಂದು ನೋಡಿದರು. ಇದು ಮೊದಲೇ ಯಾರಿಗೂ ಹೊಳೆಯಲಿಲ್ಲವಲ್ಲ ಎಂದರು. ಯಾರಿಗೂ ಎನ್ನುವಾಗ ಕಣ್ಣು ನನ್ನ ಮೇಲೆ.

“ಎಲ್ಲ ಅಕ್ಕನೇ ಹೇಳಿಕೊಟ್ಟಿದ್ದು ಸರ್” ಅಂದಳು ತಂಗಿ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಸಂಜೆ ನನ್ನ ಡಿವಿಡಿ ಡಬ್ಬ ಬೀರುವಿನ ಮೇಲೆ, ಕೆಟ್ಟ ಫ್ಯಾನಿನ ಪಕ್ಕ ಹೋಗಿ ಕೂತಿತು. ಕೇಳಿಯೇ ಇಟ್ಟಳು. ನಾನು ‘ಇಡು’ ಎಂದೇ ಹೇಳಿದ್ದು.

ಮಾರ್ಚ್ 7

ಪೆನ್‌ಡ್ರೈವ್‌ಗೆ ಬರೆಯುವ ಕಮಾಂಡ್ ದಯೆ ದಾಕ್ಷಿಣ್ಯ ಇಲ್ಲದ್ದು. ಖಾತ್ರಿಯೇ ಎಂದು ಕೇಳುವುದಿಲ್ಲ. ಚುಚ್ಚಿದ ಕ್ರಮದಲ್ಲಿ ಅಕ್ಷರ ಸಿಗುತ್ತದೆ: ಒಳಗಿನ ಡಿಸ್ಕ್ ಎ, ಮೊದಲು ಚುಚ್ಚಿದ್ದು ಬಿ, ಆಮೇಲಿನದು ಸಿ. ಅಕ್ಷರ ತಪ್ಪಿದರೆ ಆ ಡಿಸ್ಕಿನಲ್ಲಿದ್ದದ್ದೆಲ್ಲ ಗುಡಿಸಿದ ಹಾಗೆ. ಅದಕ್ಕೇ ಈ ಕೋಣೆಯಲ್ಲಿ ನಾನು ಮಾಡಿದ ಕಟ್ಟಳೆ — ಏನೇ ಚುಚ್ಚಿದರೂ ಬಾಯಿಬಿಟ್ಟು ಹೇಳಬೇಕು. ಬರೆಯುವವರು ಅಕ್ಷರ ಕೂಗಬೇಕು. ಇನ್ನೊಬ್ಬರು ನೋಡಿ ಹೂಂ ಅನ್ನಬೇಕು. ಆಮೇಲೆ ಎಂಟರ್.

ಅಜ್ಜಿ ಕಥೆ ಹೇಳುವಾಗ ಇದ್ದ ಹಾಗಾಯಿತಲ್ಲ ಎಂದು ತಂಗಿ ನಕ್ಕಳು. ಹೌದು, ಅಲ್ಲಿಂದಲೇ ತಂದದ್ದು. ಹೂಂಗುಟ್ಟುವುದು ನಿಂತರೆ ಅಜ್ಜಿ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ಮಗ್ಗುಲಾಗುತ್ತಿದ್ದಳು. ಇವಳು ನಿದ್ದೆಯಲ್ಲೂ ಹೂಂ ಅನ್ನುವಳು. ಎಷ್ಟು ಚೆನ್ನಾಗಿ ಕೇಳ್ತಾಳೆ ಎಂದು ಅಜ್ಜಿ ಇವಳ ತಲೆ ಸವರುವಳು. ಕಥೆ ಪೂರ್ತಿ ಕೇಳಿದವಳು ನಾನು. ಇವತ್ತಿಗೂ ಒಂದಕ್ಷರ ಮರೆತಿಲ್ಲ.

ಮಾರ್ಚ್ 11

ಮೂರು ಶಾಖೆಗಳಿಗೆ ಹೋಗಿ ಅಲ್ಲಿನವರಿಗೆ ಇನ್‌ಸ್ಟಾಲ್ ಮಾಡುವುದನ್ನು ಕಲಿಸಲು ಒಬ್ಬರನ್ನು ಕಳಿಸುತ್ತಾರಂತೆ. ಅವಳನ್ನು. ಕೆಲಸವೂ ಕಾಯಂ ಆಗಬಹುದಂತೆ. ಅಕ್ಕನೂ ಬರಲಿ ಎಂದು ಕೇಳಿದಳಂತೆ ಪುಣ್ಯಾತ್ಗಿತ್ತಿ. ನಾನು ಹೋಗಿ ಏನು ಮಾಡಲಿ, ಅವಳ ಚೀಲ ಹಿಡಿದುಕೊಂಡು ನಿಲ್ಲಲೇ?

ಬೆಳಗಿನಿಂದ ಮಾತಾಡಿಲ್ಲ. ಅವಳಿಗೆ ಅದು ಗೊತ್ತೇ ಆಗಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು.

ಮಾರ್ಚ್ 12, ಮಧ್ಯಾಹ್ನ 3

ಬರೆಯಲಾರೆ.

ಮಾರ್ಚ್ 12, ಸಂಜೆ

ಆಗಿದ್ದು ಇಷ್ಟು. ಕಣ್ಣಿಲ್ಲದ ಓದುಗರಿಗಾಗಿ ನಾಲ್ಕು ವರ್ಷದಿಂದ ಊರಿನವರು ಪುಸ್ತಕ ಓದಿ ರೆಕಾರ್ಡ್ ಮಾಡಿಕೊಟ್ಟ ಡಿಸ್ಕ್ ಇದೆಯಲ್ಲ, ಅದಕ್ಕೆ ಪ್ರತಿ ಇಲ್ಲ. ಪ್ರತಿ ಮಾಡಲೆಂದೇ ಇವತ್ತು ತೆಗೆದದ್ದು. ತಂಗಿ ಊಟಕ್ಕೆ ಹೋಗಿದ್ದಾಗ ಚುಚ್ಚಿದೆ. ಅವಳು ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿದ್ದರಿಂದ ಬಿ ಖಾಲಿಯಿತ್ತು. ಡಿಸ್ಕಿಗೆ ಬಿ ಸಿಕ್ಕಿತು. ನೋಡಿದೆ. ಬಂದಾಗ ಹೇಳಬೇಕಿತ್ತು, ಹೇಳಲಿಲ್ಲ. ಮಾತು ಬಿಟ್ಟಿದ್ದೆನಲ್ಲ.

ಬಂದಳು. ಹೊಸ ಪೆನ್‌ಡ್ರೈವ್ ಚುಚ್ಚಿದಳು — ಅದು ಸಿ. ಮೇಲಿನ ಬಾಣ ಒತ್ತಿ, ಬೆಳಗ್ಗೆ ಬಿಗೆ ಬರೆದ ಕಮಾಂಡನ್ನೇ ಮತ್ತೆ ಎಳೆದಳು.

“ಅಕ್ಕ, ಬಿಗೆ ಬರೀತಿದೀನಿ.”

ಹೂಂ ಅಂದೆ.

ಪೆನ್‌ಡ್ರೈವಿನ ದೀಪ ಮಿನುಗುತ್ತಿಲ್ಲ ಎಂದು ಅವಳೇ ಗಮನಿಸಿ ನಿಲ್ಲಿಸಿದಳು. ಅಷ್ಟರಲ್ಲಿ ಡಿಸ್ಕಿನ ತಲೆಯ ಭಾಗ ಪೂರ್ತಿ ಹೋಗಿತ್ತು. ಅವಳ ಮುಖ ಬಿಳಿಚಿಕೊಂಡಿತು. ನನ್ನದು ಹೇಗಿತ್ತೋ.

ಮಾರ್ಚ್ 17

ಐದು ದಿನ ಒಂದೊಂದೇ ಫೈಲ್ ಕೆದಕಿ ತೆಗೆದೆ. ಈ ವಿದ್ಯೆ ಇಲ್ಲಿ ನನಗೊಬ್ಬಳಿಗೇ ಬರುವುದು. ನಾನೂರ ಹನ್ನೆರಡು ಪುಸ್ತಕಗಳಲ್ಲಿ ಮುನ್ನೂರ ಎಂಬತ್ತೊಂದು ಸಿಕ್ಕಿತು. ಹೋದ ಮೂವತ್ತೊಂದರಲ್ಲಿ ಒಂಬತ್ತು ದರ್ಜಿಯಜ್ಜ ಓದಿದ್ದು. ಅವರು ತೀರಿಕೊಂಡು ವರ್ಷವಾಯಿತು. ಇನ್ನು ಯಾರ ಹತ್ತಿರ ಓದಿಸುವುದು?

ಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು. ಅನುಭವ ಅಂದರೆ ಇದು ಎಂದರು. ಎಷ್ಟು ದಿನದಿಂದ ಕಾದಿದ್ದೆ ಈ ಮಾತಿಗೆ. ಕೇಳಿಸಿಕೊಂಡು, ಹೋದ ಪುಸ್ತಕಗಳ ಪಟ್ಟಿ ಮಾಡಲು ಕೂತೆ.

ಮಾರ್ಚ್ 18

ಸಾಹೇಬರು ಕರೆಸಿದರು. ತಿಂಗಳ ಕೊನೆಗೆ ತಂಗಿಯನ್ನು ಕೆಲಸದಿಂದ ಬಿಡಿಸುತ್ತಾರಂತೆ. ಏನಾಯಿತೆಂದು ನನ್ನಿಂದ ಒಂದು ವರದಿ ಬೇಕು, ಅಷ್ಟೇ. ಆಮೇಲೆ ಹೇಳಿದರು: “ಅಕ್ಕನ್ನ ಕೇಳ್ದೇ ಆತುರದಲ್ಲಿ ಎಂಟರ್ ಒತ್ತಿಬಿಟ್ಟೆ ಅಂತ ಅವರೇ ಒಪ್ಕೊಂಡ್ರು. ನಿಮ್ಮ ಕಟ್ಟಳೆ ಮುರಿದಿದ್ದು ತಪ್ಪೇ ಅಲ್ವಾ?”

ಕೇಳದೇ!

ಮನೆಗೆ ಬಂದು, ಹಾಗೇಕೆ ಹೇಳಿದೆ ಎಂದೆ. ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ನೀನು ಯಾವುದೋ ಯೋಚನೇಲಿ ಹೂಂ ಅಂದಿರ್ತೀಯ ಅಕ್ಕ. ಹನ್ನೊಂದು ವರ್ಷದ ಹೆಸರು ನಿಂದು. ನಂದೇನು, ಬಂದು ತಿಂಗಳಾಯ್ತು. ಇನ್ನೊಂದು ಕಡೆ ಸಿಗತ್ತೆ ಬಿಡು.”

ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದಳು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಳುವಾಗಲೂ ಹೊಟ್ಟೆಕಿಚ್ಚೇ.

ಮಾರ್ಚ್ 19, ಬೆಳಗ್ಗೆ 10.30

ವರದಿಯನ್ನು ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ನಾನು ಕೋಣೆಯಲ್ಲೇ ಇರಲಿಲ್ಲ. ಎರಡನೆಯದರಲ್ಲಿ ಮರೆವು. ಮೂರನೆಯದರಲ್ಲಿ ತಲೆನೋವು. ಕಥೆ ಕಟ್ಟುವುದಕ್ಕೆ ನನಗೇನು ಬರಗಾಲ?

ನಾಲ್ಕನೆಯದು ಚಿಕ್ಕದು. ‘ಬಿ ಯಾವುದೆಂದು ನನಗೆ ಗೊತ್ತಿತ್ತು. ಅವಳು ಕೇಳಿದಳು. ಗೊತ್ತಿದ್ದೇ ಹೂಂ ಎಂದೆ. ಅವಳು ಸೋಲಬೇಕೆಂಬ ಆಸೆ ಇತ್ತು.’ ಕೆಳಗೆ ಸಹಿ. ಹಾಳೆಯ ಹಿಂಬದಿಯಲ್ಲಿ, ಹೋದ ಮೂವತ್ತೊಂದು ಪುಸ್ತಕಗಳ ಪಟ್ಟಿ.

11.15

ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಂದೇ ಪ್ರಶ್ನೆ — ಇದನ್ನು ನಿಮ್ಮ ತಂಗಿಗೆ ತೋರಿಸಿದಿರಾ?

ಇಲ್ಲ ಎಂದೆ. ಕಾಗದ ವಾಪಸ್ ನನ್ನ ಕೈಗೇ ಕೊಟ್ಟರು. ಮೊದಲು ಅವರು ಓದಲಿ, ಆಮೇಲೆ ಇಬ್ಬರೂ ಬನ್ನಿ, ಎಂದರು.

11.40

ಕೊಟ್ಟೆ. ಎದುರು ಮೇಜಿನಲ್ಲೇ ಕೂತು ಓದುತ್ತಿದ್ದಾಳೆ. ಕೈಗೆ ಏನಾದರೂ ಕೆಲಸ ಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಓದುವುದರಲ್ಲೂ ನನಗಿಂತ ಚುರುಕು, ಆಗಲೇ ಸಹಿಯ ಹತ್ತಿರ ಬಂದಿರಬೇಕು. ಇಲ್ಲ, ಮತ್ತೆ ಮೇಲಿನಿಂದ ಓದುತ್ತಿದ್ದಾಳೆ. ಬೆರಳಿಟ್ಟುಕೊಂಡು, ನಿಧಾನವಾಗಿ. ಕುರ್ಚಿ ಸರಿಸಿದಳು. ಎದ್ದಳು. ಈ ಕಡೆಗೇ