ಕರಪತ್ರದ ಮುಖ

ಮಂಗಳವಾರ, ಬೆಳಿಗ್ಗೆ

ನನ್ನ ಬಂಗಾರದ ಪುಟ್ಟಿ,

ನಿನ್ನ ಫೋನನ್ನು ನಿನ್ನ ಗಂಡ ಗೋಡೆಗೆ ಅಪ್ಪಳಿಸಿದನಂತೆ, ಅದಕ್ಕೇ ಈ ಕಾಗದ. ತಂದಿರುವವಳು ನಮ್ಮ ಟೈಲರಮ್ಮ. ನೀನು ಓದಿ ಮುಗಿಸುವವರೆಗೂ ಗೇಟಿನ ಬಳಿಯೇ ನಿಂತಿರುತ್ತಾಳೆ. ನಾನು ಚೆನ್ನಾಗಿದ್ದೇನೆ, ಗಾಬರಿಯಾಗಬೇಡ.

ಹೊಡೆತ ತಿಂದು ಮನೆ ಬಿಟ್ಟ ಹೆಂಗಸರಿಗೊಂದು ಸೂರು ಮಾಡಲು ನಮ್ಮ ಹೊಸ ಸಂಸ್ಥೆ ಮುಂದಿನ ವಾರ ದೇಣಿಗೆ ಕೇಳಲು ಹೊರಡಬೇಕಿತ್ತಲ್ಲ. ಸಲಹೆಗೆ ಬಂದ ಮೇಷ್ಟ್ರು, ನೋಂದಣಿ ಗೀಂದಣಿ ಎಲ್ಲ ಸರಿಯಮ್ಮಾ, ಒಂದು ಮುಖ ಇಲ್ದೆ ಯಾರೂ ಜೇಬಿಗೆ ಕೈ ಹಾಕಲ್ಲ ಅಂದಿದ್ದರು. ಊದಿದ ಕಣ್ಣಿನ ಫೋಟೋ ನೀನೇ ಕೊಟ್ಟೆ. ಈ ಮನೆ ಬಿಟ್ಟ ಮೇಲಷ್ಟೇ ಹಂಚಬೇಕು ಎಂದೆ, ನಾನೂ ಹೂಂ ಅಂದೆ. ಆದರೆ ಆ ಪ್ರೆಸ್ಸಿನವನು, ಅವನ ಉತ್ಸಾಹಕ್ಕೆ ಬೆಂಕಿ ಬೀಳ, ಚೆನ್ನಾಗಿ ಬಂದಿದೆಯೆಂದು ಮೊದಲ ಪ್ರತಿಯನ್ನು ಅಂಗಡಿಯ ಕಿಟಕಿಗೇ ಅಂಟಿಸಿಬಿಟ್ಟ. ನಿನ್ನ ಗಂಡ ಅದೇ ದಾರಿಯಲ್ಲಿ ಹೋದ.

ನಿನ್ನೆ ಮಧ್ಯಾಹ್ನ ಆಫೀಸಿಗೆ ನುಗ್ಗಿದ. ನನ್ ಹೆಂಡ್ತಿ ಮುಖ ಇಟ್ಕೊಂಡು ಭಿಕ್ಷೆ ಬೇಡ್ತೀಯೇನೇ ಎಂದು ಕುರ್ಚಿಯೆತ್ತಿ ಬೀರುವಿನ ಗಾಜು ಪುಡಿ ಮಾಡಿದ. ಅಡ್ಡ ಬಂದ ಟೈಲರಮ್ಮನ ಜುಟ್ಟು ಹಿಡಿದು ಮೇಜಿಗೆ ಬಡಿದ. ಆಕೆಯ ಹಲ್ಲು ಮುರಿದು ಕರಪತ್ರಗಳ ಮೇಲೆಲ್ಲ ರಕ್ತ. ನಾನೇನು ಸುಮ್ಮನಿದ್ದೆನೇ? ಬಾಗಿಲಿನ ಕಬ್ಬಿಣದ ಅಗುಳಿ ಕಿತ್ತು ಅವನ ಮೊಣಕಾಲಿಗೆ ಬಿಟ್ಟೆ. ಮೂಳೆಯ ಸದ್ದು ಕೇಳಿ ಖುಷಿಯಾಯಿತು ಕಣೇ, ಸುಳ್ಳೇಕೆ ಹೇಳಲಿ. ಪೊಲೀಸರು ಎಳೆದೊಯ್ಯುವಾಗಲೂ, ಮನೇಗ್ ಹೋಗಿ ಅವಳ ಕತ್ತು ಮುರೀತೀನಿ ಎಂದು ಕಿರುಚುತ್ತಲೇ ಇದ್ದ.

ಅವನಣ್ಣ ಜಾಮೀನಿಗೆ ಓಡಾಡುತ್ತಿದ್ದಾನಂತೆ, ಸಂಜೆಗೆ ಬಿಡಬಹುದಂತೆ. ಬಿಟ್ಟರೆ ಕುಂಟಿಕೊಂಡಾದರೂ ನಿನ್ನ ಬಾಗಿಲಿಗೇ ಬರುತ್ತಾನೆ. ನೀನೋ, ಕೋಪ ಇಳಿದರೆ ಒಳ್ಳೆಯವನೇ ಅನ್ನುತ್ತೀ. ಇಳಿಯುವವರೆಗೆ ನೀನು ಬದುಕಿರಬೇಕಲ್ಲ, ಪೆದ್ದೀ! ದೇಣಿಗೆ ಬಿಡಿಗಾಸೂ ಬಂದಿಲ್ಲ, ಸೂರೂ ಆಗಿಲ್ಲ. ಆಫೀಸಿನಲ್ಲೇ ಗಾಜು ಗುಡಿಸಿಸಿ ಚಾಪೆ ಹಾಸಿಸಿದ್ದೇನೆ. ಉಟ್ಟ ಬಟ್ಟೆಯಲ್ಲೇ ಟೈಲರಮ್ಮನ ಜೊತೆ ಹೊರಡು.

ನಿನ್ನ ಗಯ್ಯಾಳಿ
ಅಕ್ಕ

ಇನ್ನೊಂದು ಮಾತು: ಕರಪತ್ರದಿಂದ ನಿನ್ನ ಫೋಟೋ ತೆಗೆಸಿ ನನ್ನದು ಹಾಕಿಸುತ್ತಿದ್ದೇನೆ, ಆಸ್ಪತ್ರೆಯಲ್ಲಿ ತೆಗೆದದ್ದು. ನಿನ್ನೆ ಬೀರುವಿನ ಗಾಜು ಸಿಡಿದು ಹುಬ್ಬಿನಿಂದ ದವಡೆಯವರೆಗೆ ಹೊಲಿಗೆ, ಎಡಗಣ್ಣು ಉಳಿಯುವುದಿಲ್ಲವಂತೆ. ಟೈಲರಮ್ಮ ನಿನ್ನನ್ನು ಮೊದಲು ಇಲ್ಲಿಗೇ, ಆಸ್ಪತ್ರೆಗೇ ಕರೆತರುತ್ತಾಳೆ. ನನ್ನನ್ನು ನೋಡಿ ಎಷ್ಟು ಬೇಕಾದರೂ ಅಳು, ವಾಪಸ್ ಮಾತ್ರ ಹೋಗಬೇಡ.